ಈಜುಕೊಳ, ವಾಟರ್ ಪಾರ್ಕ್‌ನಿಂದ ಕಾಯಿಲೆ ತರದಿರುವುದು ಹೇಗೆ?

ವಾಟರ್ ಪಾರ್ಕ್‌ಗೆ ಹೋಗಿ ಬಂದ ಮೇಲೆ ಮಗುವಿಗೆ ಭೇದಿ ಶುರುವಾದರೆ ಮೊದಲು ಬೈಸಿಕೊಳ್ಳುವುದು ಗೇಟಿನ ಹೊರಗಿನ ಗೋಬಿ ಮಂಚೂರಿ. ಕೆಲವು ಸಲ ಅದು ನಿಜವೂ ಹೌದು. ಆದರೆ ಹೋಗಿ ಬಂದು ಒಂದು ವಾರ ಕಳೆದ ಮೇಲೆ ಹೊಟ್ಟೆ ಕೆಟ್ಟರೆ? ಆಗ ಪಾರ್ಕಿನ ನೆನಪು ಯಾರಿಗೂ ಬರುವುದಿಲ್ಲ. ನಿನ್ನೆಯ ಮೊಸರು, ಮೊನ್ನೆಯ ಮದುವೆ ಊಟ, ಸ್ಕೂಲಿನ ನೀರು, ಹೀಗೆ ಹುಡುಕಾಟ ಸಾಗುತ್ತದೆ. ಈಜುಕೊಳದಿಂದ ಬರುವ ಕಾಯಿಲೆಗಳು ಸುಲಭವಾಗಿ ತಪ್ಪಿಸಿಕೊಳ್ಳುವುದೇ ಹೀಗೆ. ಅವು ನಿಧಾನಕ್ಕೆ ಬರುತ್ತವೆ.

ಹಾಗಂತ ಮಕ್ಕಳನ್ನು ನೀರಿಗೇ ಬಿಡಬೇಡಿ ಎನ್ನುತ್ತಿಲ್ಲ. ಈಜು ಕಲಿಯಲೇಬೇಕು. ಯಾವ ನೀರಿಗೆ ಇಳಿಯಬೇಕು, ಹೇಗೆ ಇಳಿಯಬೇಕು ಎಂದು ಗೊತ್ತಿದ್ದರೆ ಸಾಕು.

ಮೊದಲು ಒಂದು ಲೆಕ್ಕ: ಕ್ಲೋರಿನ್‌ಗೂ ಸಮಯ ಬೇಕು

"ಕ್ಲೋರಿನ್ ಹಾಕಿದ್ದಾರಲ್ಲ, ಇನ್ನೇನು ಭಯ" ಎನ್ನುವವರೇ ಜಾಸ್ತಿ. ಕ್ಲೋರಿನ್ ಕೊಲ್ಲುತ್ತದೆ, ನಿಜ. ಆದರೆ ಮುಟ್ಟಿದ ತಕ್ಷಣ ಎಲ್ಲವನ್ನೂ ಕೊಲ್ಲುವುದಿಲ್ಲ. ನೀರಿನಲ್ಲಿ 1 ಪಿಪಿಎಂ (ಲೀಟರಿಗೆ 1 ಮಿಲಿಗ್ರಾಂ) ಕ್ಲೋರಿನ್ ಇದೆ, ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) 7.5 ಇದೆ, ನೀರು ಸುಮಾರು 25 ಡಿಗ್ರಿ ಬೆಚ್ಚಗಿದೆ ಎಂದುಕೊಳ್ಳಿ. ರಕ್ತಭೇದಿ ತರುವ ಇ. ಕೋಲಿ ಒಂದು ನಿಮಿಷದೊಳಗೆ ಸಾಯುತ್ತದೆ. ಕಾಮಾಲೆ ತರುವ ಹೆಪಟೈಟಿಸ್ ಎ ವೈರಸ್‌ಗೆ ಸುಮಾರು 16 ನಿಮಿಷ ಬೇಕು. ಭೇದಿ ತರುವ ಜಿಯಾರ್ಡಿಯಾ ಎಂಬ ಪರೋಪಜೀವಿಗೆ 45 ನಿಮಿಷ. ಕ್ರಿಪ್ಟೊಸ್ಪೊರಿಡಿಯಂ (ಚಿಕ್ಕದಾಗಿ ಕ್ರಿಪ್ಟೊ) ಎನ್ನುವ ಇನ್ನೊಂದು ಪರೋಪಜೀವಿಗೆ ಹತ್ತು ದಿನಕ್ಕಿಂತ ಜಾಸ್ತಿ. ಹೌದು, ದಿನ! ಇದರ ಮೇಲೆ ಗಟ್ಟಿ ಹೊರಪದರ ಇರುತ್ತದೆ, ಕ್ಲೋರಿನ್ ಒಳಗೆ ನುಗ್ಗಲು ಒದ್ದಾಡುತ್ತದೆ.

ಒಬ್ಬರ ಮೈಯಿಂದ ರೋಗಾಣು ನೀರಿಗೆ ಬಿದ್ದ ಹೊತ್ತಿಗೂ, ಅದು ಸಾಯುವ ಹೊತ್ತಿಗೂ ನಡುವೆ ಒಂದು ಸಂದು ಉಂಟು. ಆ ಸಂದಿನಲ್ಲಿ ನೀರು ಇನ್ನೊಬ್ಬರ ಬಾಯಿಗೆ ಹೋದರೆ ಕಾಯಿಲೆ. ಮುಂದೆ ಹೇಳುವುದೆಲ್ಲ ಈ ಸಂದನ್ನು ಚಿಕ್ಕದು ಮಾಡುವ ಬಗೆಗಳೇ.

ಬಾಯಿಗೆ ಎಷ್ಟು ನೀರು ಹೋದೀತು? ಅಮೆರಿಕದಲ್ಲಿ ಅಳೆದು ನೋಡಿ 2006ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ 45 ನಿಮಿಷದ ಈಜಿನಲ್ಲಿ ಮಕ್ಕಳು ಸರಾಸರಿ 37 ಮಿಲಿ ನುಂಗುತ್ತಾರೆ, ದೊಡ್ಡವರು 16 ಮಿಲಿ. 37 ಮಿಲಿ ಅಂದರೆ ಕೆಮ್ಮಿನ ಸಿರಪ್ಪಿನ ಅಳತೆಯಲ್ಲಿ ಏಳು ಚಮಚ. ಅದೂ ಮುಕ್ಕಾಲು ಗಂಟೆಗೆ. ನಮ್ಮ ಮಕ್ಕಳು ವಾಟರ್ ಪಾರ್ಕ್‌ನಲ್ಲಿ ಬೆಳಗ್ಗೆ ಹನ್ನೊಂದಕ್ಕೆ ಇಳಿದರೆ ಸಂಜೆ ಐದರವರೆಗೂ ಮೇಲೆ ಬರುವುದಿಲ್ಲ, ಅಲ್ವಾ?

ಹೆಜ್ಜೆ 1: ಯಾರು ಮನೆಯಲ್ಲಿ ಉಳಿಯಬೇಕು

ಭೇದಿ ಇರುವವರು ನೀರಿಗೆ ಇಳಿಯಲೇಬಾರದು. ಟಿಕೆಟ್ ಬುಕ್ ಆಗಿದ್ದರೂ, ಅಜ್ಜಿ ಮನೆಯಿಂದ ಮಕ್ಕಳೆಲ್ಲ ಬಂದಿದ್ದರೂ ಅಷ್ಟೇ. ಕ್ರಿಪ್ಟೊಸ್ಪೊರಿಡಿಯಂ ಎಂದು ಡಾಕ್ಟರ್ ಹೇಳಿದ್ದರೆ ಭೇದಿ ನಿಂತ ಮೇಲೂ ಎರಡು ವಾರ ಕಾಯಬೇಕು. ಹುಷಾರಾದಂತೆ ಕಂಡರೂ ಮಲದಲ್ಲಿ ಅದು ಹೋಗುತ್ತಲೇ ಇರುತ್ತದೆ.

ಕಣ್ಣು ಬೇನೆ ಬಂದು ಕೆಂಪಾಗಿದ್ದರೆ, ಬ್ಯಾಂಡೇಜ್ ಹಾಕಿದ ಹಸಿ ಗಾಯ ಇದ್ದರೆ, ಕೀವು ಬರುವ ಕುರು ಇದ್ದರೆ ಆವತ್ತು ಬೇಡ. ಕೀಮೋಥೆರಪಿ ಪಡೆಯುತ್ತಿರುವವರು, ಅಂಗಾಂಗ ಕಸಿ ಆದವರು ಡಾಕ್ಟರನ್ನು ಕೇಳದೆ ಸಾರ್ವಜನಿಕ ಕೊಳಕ್ಕೆ ಇಳಿಯಬಾರದು. ಆರೋಗ್ಯವಂತರಿಗೆ ಎರಡು ವಾರ ಕಾಡಿ ಹೋಗುವ ಕ್ರಿಪ್ಟೊ ಅವರ ಜೀವಕ್ಕೇ ಬರಬಹುದು.

ಹೆಜ್ಜೆ 2: ಬ್ಯಾಗಿನಲ್ಲಿ ಏನಿರಬೇಕು

ಎಲ್ಲರಿಗೂ ಬೇರೆ ಬೇರೆ ಟವೆಲ್, ಸ್ವಂತ ಈಜುಡುಗೆ, ಕ್ಯಾಪ್, ಗಾಗಲ್ಸ್, ಹವಾಯಿ ಚಪ್ಪಲಿ, ಸೋಪು, ಕುಡಿಯುವ ನೀರು. ಬಾಡಿಗೆ ಕಾಸ್ಟ್ಯೂಮ್ ಆದಷ್ಟು ಬೇಡ. ಒಬ್ಬರು ಬಿಚ್ಚಿಕೊಟ್ಟದ್ದು ಸರಿಯಾಗಿ ಒಣಗುವ ಮೊದಲೇ ಇನ್ನೊಬ್ಬರ ಮೈಮೇಲೆ ಇರುವುದುಂಟು. ಹುಳುಕಡ್ಡಿ ಹಬ್ಬಲು ಅಷ್ಟು ಸಾಕು. ಟವೆಲ್ ಹಂಚಿಕೊಂಡರೆ ಮಕ್ಕಳ ಮೈಮೇಲೆ ಮುತ್ತಿನಂಥ ಸಣ್ಣ ಸಣ್ಣ ಗುಳ್ಳೆ ಏಳುವ ಒಂದು ವೈರಸ್ ಕಾಯಿಲೆಯೂ ದಾಟುತ್ತದೆ. ಅಪಾಯವೇನಿಲ್ಲ, ಆದರೆ ಹೋಗಲು ತಿಂಗಳುಗಟ್ಟಲೆ ಬೇಕು.

ಹೆಜ್ಜೆ 3: ಇಳಿಯುವ ಮೊದಲು ನೀರನ್ನು ನೋಡಿ

ಬಟ್ಟೆ ಬದಲಾಯಿಸುವ ಮೊದಲೇ ಒಂದು ಸುತ್ತು ಹಾಕಿ. ಆಮೇಲೆ ಮಕ್ಕಳು ನಿಮ್ಮ ಮಾತು ಕೇಳುವುದಿಲ್ಲ.

ಕೊಳದ ಅತಿ ಆಳದ ಕಡೆ ನಿಂತು ಕೆಳಗೆ ನೋಡಿ. ತಳದಲ್ಲಿ ನೀರು ಹೊರಹೋಗುವ ಜಾಲರಿ ಇರುತ್ತದೆ. ಅದರ ಸೀಳುಗಳು ಒಂದೊಂದೂ ಸ್ಪಷ್ಟವಾಗಿ ಕಾಣಬೇಕು. ಮಂಜು ಮಂಜಾಗಿ ಕಂಡರೆ ಹೊರಟುಬಿಡಿ. ಮಬ್ಬು ನೀರಿನಲ್ಲಿ ರೋಗಾಣುವಿನ ಭಯಕ್ಕಿಂತ ದೊಡ್ಡ ಭಯ ಇನ್ನೊಂದಿದೆ. ಮುಳುಗಿದ ಮಗು ಲೈಫ್‌ಗಾರ್ಡ್‌ಗೆ ಕಾಣುವುದಿಲ್ಲ.

ಬಗ್ಗಿ ಒಳಗಿನ ಗೋಡೆಯನ್ನು ನೀರಿನ ಮಟ್ಟದ ಕೆಳಗೆ ಬೆರಳಿನಿಂದ ಉಜ್ಜಿ. ಟೈಲ್ಸ್ ಕಿರ್ ಕಿರ್ ಎನ್ನಬೇಕು. ಲೋಳೆ ಲೋಳೆಯಾಗಿ ಜಾರಿದರೆ ಅಲ್ಲಿ ರೋಗಾಣುಗಳು ಪದರ ಕಟ್ಟಿವೆ ಎಂದರ್ಥ. ಆ ಪದರದ ಒಳಗೆ ಕ್ಲೋರಿನ್ ಆಟ ನಡೆಯುವುದು ಕಷ್ಟ. ಮೆಟ್ಟಿಲಿನ ಮೂಲೆಯಲ್ಲಿ, ಏಣಿಯ ಹಿಂದೆ ಪಾಚಿ ಇದೆಯಾ ನೋಡಿ.

ಇನ್ನು ವಾಸನೆ. "ಕ್ಲೋರಿನ್ ವಾಸನೆ ಗಮ್ಮಂತ ಬರ್ತಿದೆ, ಕ್ಲೀನಾಗಿದೆ" ಎಂದು ಖುಷಿಪಡುತ್ತಾರೆ. ಇದು ಪೂರಾ ಉಲ್ಟಾ. ಮೂಗಿಗೆ ಹೊಡೆಯುವ ಆ ವಾಸನೆ ಬರುವುದು ಕ್ಲೋರಿನ್ ಬೆವರಿನ ಜೊತೆ, ಉಚ್ಚೆಯ ಜೊತೆ ಸೇರಿ ಕ್ಲೋರಮೈನ್ ಆದಾಗ. ಕಣ್ಣು ಉರಿಯುವುದಕ್ಕೂ, ಕೆಮ್ಮು ಬರುವುದಕ್ಕೂ ಅದೇ ಕಾರಣ. ಸರಿಯಾಗಿ ನೋಡಿಕೊಂಡ ಕೊಳದಲ್ಲಿ ವಾಸನೆ ಅಷ್ಟಾಗಿ ಇರುವುದೇ ಇಲ್ಲ.

ಕೊನೆಗೆ ಕೇಳಿ. ಸಂಕೋಚ ಬೇಡ. "ಅಣ್ಣಾ, ಇವತ್ತು ಕ್ಲೋರಿನ್ ಎಷ್ಟಿದೆ? ರಿಜಿಸ್ಟರ್ ತೋರಿಸ್ತೀರಾ?" ಅಂದರೆ ಸಾಕು. "ಬೆಳಗ್ಗೆನೇ ಫುಲ್ ಹಾಕಿದೀವಿ ಸಾರ್" ಎನ್ನುವುದು ಉತ್ತರವಲ್ಲ. ಅಂಕಿ ಬೇಕು, ಎಷ್ಟು ಹೊತ್ತಿಗೆ ನೋಡಿದ್ದು ಅಂತಲೂ ಬೇಕು. ರಿಜಿಸ್ಟರ್ ಕೊಟ್ಟರೆ ಬರವಣಿಗೆಯನ್ನೂ ಗಮನಿಸಿ. ನಾನು ನೋಡಿದ ಒಂದರಲ್ಲಿ ತಿಂಗಳಿಡೀ ಒಂದೇ ನೀಲಿ ಪೆನ್ನಿನಲ್ಲಿ "1.5, 7.4" ಎಂದು ಸಾಲಾಗಿ ಇಳಿದಿತ್ತು. ಮರುದಿನದ ಕಾಲಂ ಕೂಡ ಆಗಲೇ ಭರ್ತಿಯಾಗಿತ್ತು! ನಿಜವಾದ ರೀಡಿಂಗ್ ಹಾಗೆ ನಿಲ್ಲುವುದಿಲ್ಲ. ಭಾನುವಾರ ಮಧ್ಯಾಹ್ನ ಬಿಸಿಲು, ಜನ ಎರಡೂ ಜಾಸ್ತಿ. ಕ್ಲೋರಿನ್ ಇಳಿದೇ ಇಳಿಯುತ್ತದೆ.

"ದಿನಾ ನೀರು ಚೇಂಜ್ ಮಾಡ್ತೀವಿ" ಎಂದು ಹೇಳುವವರನ್ನಂತೂ ನಂಬಬೇಡಿ. 25 ಮೀಟರ್ ಉದ್ದ, 10 ಮೀಟರ್ ಅಗಲ, ಸರಾಸರಿ ಒಂದೂವರೆ ಮೀಟರ್ ಆಳದ ಕೊಳಕ್ಕೆ 3.75 ಲಕ್ಷ ಲೀಟರ್ ನೀರು ಬೇಕು. 6000 ಲೀಟರಿನ ಟ್ಯಾಂಕರ್ ಆದರೆ ಅರವತ್ತಕ್ಕೂ ಹೆಚ್ಚು. ಯಾರು ದಿನಾ ತರಿಸುತ್ತಾರೆ? 2024ರ ಮಾರ್ಚ್‌ನಲ್ಲಿ ಬೆಂಗಳೂರಿಗೆ ನೀರಿನ ಬರ ಬಂದಾಗ ಜಲಮಂಡಳಿ ಈಜುಕೊಳಕ್ಕೆ ಕುಡಿಯುವ ನೀರು ಬಳಸಿದರೆ 5000 ರೂಪಾಯಿ ದಂಡ ಎಂದು ಆದೇಶ ಮಾಡಿತ್ತು. ಕೊಳದ ನೀರು ಹಳೆಯದೇ ಇರುತ್ತದೆ, ಇರಲಿ. ಅದು ಫಿಲ್ಟರ್ ಮೂಲಕ ಸುತ್ತುತ್ತಿದೆಯಾ, ಕ್ಲೋರಿನ್ ಇದೆಯಾ ಎನ್ನುವುದಷ್ಟೇ ಮುಖ್ಯ. ಪಂಪಿನ ಶಬ್ದ ಕೇಳುತ್ತಿದೆಯಾ, ಗೋಡೆಯ ತೂತುಗಳಿಂದ ನೀರು ಒಳಗೆ ತಳ್ಳಿಕೊಂಡು ಬರುತ್ತಿದೆಯಾ ನೋಡಿ. ಕರೆಂಟ್ ಉಳಿಸಲು ಪಂಪ್ ನಿಲ್ಲಿಸಿ ಜನರನ್ನು ಒಳಗೆ ಬಿಡುವ ಕಡೆ ಇಳಿಯಬೇಡಿ.

ಹೆಜ್ಜೆ 4: ನೀವೇ ಪರೀಕ್ಷೆ ಮಾಡಿ

ವಾರಕ್ಕೆ ಮೂರ್ನಾಲ್ಕು ದಿನ ಮಗುವನ್ನು ಕೋಚಿಂಗ್‌ಗೆ ಕಳಿಸುವವರು, ಅಪಾರ್ಟ್‌ಮೆಂಟಿನಲ್ಲಿ ಕೊಳ ಇರುವವರು ಒಂದು ಕಿಟ್ ಇಟ್ಟುಕೊಳ್ಳಿ. ಆನ್‌ಲೈನಿನಲ್ಲಿ ಟೆಸ್ಟ್ ಸ್ಟ್ರಿಪ್ ಸಿಗುತ್ತದೆ. ನೀರಲ್ಲಿ ಅದ್ದಿ, ಡಬ್ಬಿಯ ಮೇಲೆ ಹೇಳಿದಷ್ಟು ಸೆಕೆಂಡು ಬಿಟ್ಟು ಬಣ್ಣ ಹೋಲಿಸುವುದು, ಅಷ್ಟೇ.

ನಮ್ಮಲ್ಲಿ ಹೆಚ್ಚಾಗಿ ಕಾಣುವುದು ಎರಡು ನಳಿಕೆಯ ಪ್ಲಾಸ್ಟಿಕ್ ಡಬ್ಬಿ. ನೀರು ಒಳಬರುವ ತೂತಿನ ಹತ್ತಿರ ಬೇಡ, ಅಲ್ಲಿಂದ ದೂರ ಹೋಗಿ. ಮೊಣಕೈವರೆಗೆ ಕೈ ಇಳಿಸಿ ನೀರು ತುಂಬಿಕೊಳ್ಳಿ. ಒಂದು ನಳಿಕೆಗೆ ಆರ್ಥೋಟೊಲಿಡಿನ್ ಹನಿ ಹಾಕಿದರೆ ಕ್ಲೋರಿನ್ ಇದ್ದಷ್ಟೂ ಹಳದಿ ಗಾಢವಾಗುತ್ತದೆ. ಇನ್ನೊಂದಕ್ಕೆ ಫೀನಾಲ್ ರೆಡ್. ಅದು ಹಳದಿ ಕಡೆಗಿದ್ದರೆ ಪಿಎಚ್ ಕಡಿಮೆ, ಕಡುಗೆಂಪಾದರೆ ಜಾಸ್ತಿ. ಪಕ್ಕದಲ್ಲಿರುವ ಬಣ್ಣದ ಪಟ್ಟಿಗೆ ಹಿಡಿದು ನೋಡಿ. ಬಿಸಿಲಿಗೆ ಹಿಡಿಯಬೇಡಿ, ನೆರಳಿನಲ್ಲಿ ಬಿಳಿ ಗೋಡೆ ಎದುರು ನೋಡಿ.

ಒಂದು ಕೊಸರು ಇದೆ. ಆ ಹಳದಿ ತೋರಿಸುವುದು ಒಟ್ಟು ಕ್ಲೋರಿನ್. ಬೆವರು, ಉಚ್ಚೆ ಸೇರಿ ಬಳಲಿದ ಕ್ಲೋರಿನ್ನೂ ಅದರಲ್ಲಿ ಸೇರಿರುತ್ತದೆ. ಕೊಲ್ಲುವ ಶಕ್ತಿ ಇನ್ನೂ ಉಳಿದಿರುವ ಫ್ರೀ ಕ್ಲೋರಿನ್ ಎಷ್ಟು ಎಂದು ತಿಳಿಯಲು ಡಿಪಿಡಿ ಮಾತ್ರೆಯ ಕಿಟ್ ಬೇಕು. ಅದರಲ್ಲಿ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಸ್ವಲ್ಪ ದುಬಾರಿ, ಆದರೆ ಅಪಾರ್ಟ್‌ಮೆಂಟ್ ಕಮಿಟಿಗೆ ಇದೇನು ದೊಡ್ಡ ಖರ್ಚಲ್ಲ.

ಅಂಕಿ ಎಷ್ಟಿರಬೇಕು? ಅಮೆರಿಕ ಸರ್ಕಾರದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹೇಳುವುದು: ಕೊಳದಲ್ಲಿ ಫ್ರೀ ಕ್ಲೋರಿನ್ ಕನಿಷ್ಠ 1 ಪಿಪಿಎಂ. ಬಿಸಿಲಿಗೆ ಕ್ಲೋರಿನ್ ಹಾರದಂತೆ ತಡೆಯುವ ಸಯನ್ಯೂರಿಕ್ ಆಸಿಡ್ ಇರುವ ಕಡೆ ಕನಿಷ್ಠ 2. ಜಕೂಜಿ ಥರದ ಬಿಸಿನೀರಿನ ತೊಟ್ಟಿಯಲ್ಲಿ ಕನಿಷ್ಠ 3. ಪಿಎಚ್ 7.0ರಿಂದ 7.8. ಭಾರತದಲ್ಲಿ ಈಜುಕೊಳದ ನೀರಿಗೆಂದೇ ಐಎಸ್ 3328 ಎಂಬ ಮಾನದಂಡ ಇದೆ. ಕಮಿಟಿ ಮೀಟಿಂಗಿನಲ್ಲಿ ಈ ನಂಬರ್ ಹೇಳಿ ನೋಡಿ, ಗುತ್ತಿಗೆದಾರರು ಸ್ವಲ್ಪ ನೆಟ್ಟಗೆ ಕೂರುತ್ತಾರೆ.

ಪಿಎಚ್ ಅನ್ನು ಯಾರೂ ಲೆಕ್ಕಕ್ಕೇ ಇಡುವುದಿಲ್ಲ. ಪಿಎಚ್ 7.5 ಇದ್ದಾಗ ಸುಮಾರು ಅರ್ಧದಷ್ಟು ಕ್ಲೋರಿನ್ ಕೊಲ್ಲುವ ರೂಪದಲ್ಲಿರುತ್ತದೆ. 8ಕ್ಕೆ ಏರಿತೋ, ಕಾಲುಭಾಗಕ್ಕೆ ಕುಸಿಯುತ್ತದೆ. ಬೋರ್‌ವೆಲ್ಲಿನ ಗಡಸು ನೀರು ತುಂಬಿ ಮೇಲಿಂದ ಬ್ಲೀಚಿಂಗ್ ಪೌಡರ್ ಸುರಿದರೆ ಪಿಎಚ್ ಏರುತ್ತಲೇ ಹೋಗುತ್ತದೆ. ಕ್ಲೋರಿನ್ ಅಂಕಿ ಚೆನ್ನಾಗಿ ಕಾಣುತ್ತದೆ, ಕೆಲಸ ಮಾತ್ರ ಆಗುವುದಿಲ್ಲ.

ಹೆಜ್ಜೆ 5: ಸೋಪು ಹಚ್ಚಿ, ಆಮೇಲೆ ಇಳಿಯಿರಿ

ಶವರ್ ಕೆಳಗೆ ಸುಮ್ನೆ ತಲೆ ತೋರಿಸಿ ಓಡುವುದಲ್ಲ. ಒಂದು ನಿಮಿಷವಾದರೂ ನಿಲ್ಲಿ. ಬೆವರು, ಸನ್‌ಸ್ಕ್ರೀನ್, ಪೌಡರ್ ಎಲ್ಲ ಕ್ಲೋರಿನ್ನನ್ನು ತಿಂದುಹಾಕುತ್ತವೆ. ಎಷ್ಟು ತೊಳೆದುಕೊಂಡರೂ ಹಿಂಭಾಗದಲ್ಲಿ ಮಲದ ಅಂಶ ಸೂಕ್ಷ್ಮವಾಗಿ ಉಳಿದೇ ಇರುತ್ತದೆ, ಹಾಗಾಗಿ ಸೋಪು ಅಲ್ಲಿಗೆ ಮುಖ್ಯ. ಕೂದಲು ಹಾಳಾಗುತ್ತದೆ ಎಂದು ತಲೆ ತುಂಬ ಕೊಬ್ಬರಿ ಎಣ್ಣೆ ಹಚ್ಚಿ ಮಕ್ಕಳನ್ನು ಇಳಿಸುವ ರೂಢಿ ನಮ್ಮಲ್ಲಿದೆ. ಆ ಎಣ್ಣೆ ನೀರಿನ ಮೇಲೆ ತೇಲಿ ಫಿಲ್ಟರಿಗೆ ಮೆತ್ತಿಕೊಳ್ಳುತ್ತದೆ. ಅದರ ಬದಲು ಕೂದಲನ್ನು ಮೊದಲು ನಲ್ಲಿ ನೀರಿನಲ್ಲಿ ಚೆನ್ನಾಗಿ ನೆನೆಸಿ ಕ್ಯಾಪ್ ಹಾಕಿ. ನೆನೆದ ಕೂದಲು ಕೊಳದ ನೀರನ್ನು ಅಷ್ಟಾಗಿ ಹೀರುವುದಿಲ್ಲ.

ಹೆಜ್ಜೆ 6: ನೀರಿನೊಳಗೆ

ಬಾಯಿಗೆ ನೀರು ತುಂಬಿ ಪಿಚಕಾರಿ ಹಾರಿಸುವ ಆಟಕ್ಕೆ ಮೊದಲೇ ಬ್ರೇಕ್ ಹಾಕಿ. ಗಂಟೆಗೊಮ್ಮೆ ಎಲ್ಲರನ್ನೂ ಮೇಲೆ ಕರೆಯಿರಿ. ಒಂದಕ್ಕೆ, ಎರಡಕ್ಕೆ ಕಳಿಸಿ, ಕೈ ತೊಳೆಸಿ, ಕುಡಿಯಲು ನೀರು ಕೊಡಿ. "ಬರುತ್ತಾ?" ಎಂದು ಕೇಳಬೇಡಿ, ಆಟದ ಗುಂಗಿನಲ್ಲಿರುವ ಮಗು "ಇಲ್ಲ" ಎಂದೇ ಹೇಳುತ್ತದೆ. ಸೀದಾ ಕರೆದುಕೊಂಡು ಹೋಗಿ.

ಸ್ವಿಮ್ ಡೈಪರ್ ಹಾಕಿದ್ದೇವೆ ಎಂದು ನಿಶ್ಚಿಂತರಾಗುವಂತಿಲ್ಲ. ಗಟ್ಟಿ ಮಲವನ್ನು ಅದು ಸ್ವಲ್ಪ ಹೊತ್ತು ತಡೆಯುತ್ತದೆ, ಭೇದಿಯನ್ನಲ್ಲ. ಗಂಟೆಗೊಮ್ಮೆ ನೋಡಿ, ಬದಲಾಯಿಸುವುದನ್ನು ಟಾಯ್ಲೆಟ್ಟಿನಲ್ಲಿ ಮಾಡಿ. ಕೊಳದ ಅಂಚಿನ ಕುರ್ಚಿಯ ಮೇಲೆ ಬೇಡ.

ವಾಟರ್ ಪಾರ್ಕ್‌ನಲ್ಲಿ ಎರಡು ಜಾಗ ಹುಷಾರು

ಒಂದು, ಪುಟ್ಟ ಮಕ್ಕಳ ಮೊಣಕಾಲುದ್ದದ ಕೊಳ. ನೀರು ಕಡಿಮೆ, ಮಕ್ಕಳು ಜಾಸ್ತಿ, ಬಿಸಿಲಿಗೆ ಬೇಗ ಕಾಯುತ್ತದೆ, ಕ್ಲೋರಿನ್ ಬೇಗ ಹಾರುತ್ತದೆ. ನೀರು ಉಗುರುಬೆಚ್ಚಗೆ, ಮಬ್ಬಾಗಿ ಇದ್ದರೆ ಬೇರೆ ಕಡೆ ಕರೆದುಕೊಂಡು ಹೋಗಿ. ಬೆಳಗ್ಗೆ ಬಾಗಿಲು ತೆರೆದ ಹೊತ್ತಿನಲ್ಲಿ ಇಲ್ಲಿ ಆಡಿಸಿ, ಮಧ್ಯಾಹ್ನದ ಮೇಲೆ ಸ್ಲೈಡ್ ಕಡೆ ಹೋಗಿ.

ಎರಡನೆಯದು ರೈನ್ ಡ್ಯಾನ್ಸ್ ಮತ್ತು ಚಿಮ್ಮುವ ಕಾರಂಜಿಗಳು. ಮೇಲಿಂದ ಬೀಳುವ ನೀರು ಹೊಸದು ಎಂದು ಅನಿಸುತ್ತದೆ. ಬಹಳ ಕಡೆ ಅದು ನೆಲದ ಮೇಲೆ ಎಲ್ಲರ ಕಾಲು ತೊಳೆದು ತೊಟ್ಟಿಗೆ ಇಳಿದು ಮತ್ತೆ ಮೇಲೆ ಹೋದ ನೀರೇ. ಹನಿಯಾಗಿ ಸಿಡಿದಾಗ ಕ್ಲೋರಿನ್ ಇನ್ನೂ ಬೇಗ ಹೋಗುತ್ತದೆ. 2005ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಸೆನೆಕಾ ಸರೋವರದ ಬಳಿಯ ಕಾರಂಜಿ ಪಾರ್ಕಿನಿಂದ ಸಾವಿರಾರು ಜನರಿಗೆ ಕ್ರಿಪ್ಟೊ ಬಂತು. ಅಲ್ಲಿ ಈಜುವ ಮಾತೇ ಇರಲಿಲ್ಲ, ಬರೀ ಚಿಮ್ಮುವ ನೀರು. ಆ ಮೇಲೆ ಆ ರಾಜ್ಯ ಇಂಥ ಪಾರ್ಕುಗಳಿಗೆ ಅತಿನೇರಳೆ ಬೆಳಕಿನ ಶುದ್ಧೀಕರಣ ಕಡ್ಡಾಯ ಮಾಡಿತು. ಕ್ಲೋರಿನ್‌ಗೆ ಬಗ್ಗದ ಕ್ರಿಪ್ಟೊ ಈ ಬೆಳಕಿಗೆ ಬಗ್ಗುತ್ತದೆ. ನಮ್ಮ ಪಾರ್ಕುಗಳಲ್ಲೂ "ಯುವಿ ಸಿಸ್ಟಂ ಇದ್ಯಾ" ಎಂದು ಕೇಳುವುದರಲ್ಲಿ ತಪ್ಪಿಲ್ಲ. ಹಾಡಿನ ಗುಂಗಿನಲ್ಲಿ ಬಾಯಿ ತೆರೆದು ಮೇಲೆ ನೋಡಿ ಕುಣಿಯುವುದು ಮಾತ್ರ ಬೇಡ.

ರೆಸಾರ್ಟುಗಳ ಜಕೂಜಿ ಬಗ್ಗೆ ಒಂದೇ ಮಾತು. ಗೋಡೆ ಲೋಳೆಯಾಗಿದ್ದರೆ, ಕ್ಲೋರಿನ್ ಎಷ್ಟು ಎಂದು ಹೇಳಲು ಯಾರಿಗೂ ಆಗದಿದ್ದರೆ ಇಳಿಯಬೇಡಿ. ಮರುದಿನ ಈಜುಡುಗೆ ಮುಚ್ಚಿದ್ದ ಕಡೆಯೆಲ್ಲ ಕೆಂಪು ಗುಳ್ಳೆ ಎದ್ದರೆ ಅದು ಸ್ಯೂಡೊಮೊನಾಸ್ ಬ್ಯಾಕ್ಟೀರಿಯಾದ ಕೆಲಸ ಇರಬಹುದು.

ಕೆರೆ, ಕಲ್ಯಾಣಿ, ಹೊಳೆ

ಇಲ್ಲಿ ಕ್ಲೋರಿನ್ ಇಲ್ಲ, ರಿಜಿಸ್ಟರೂ ಇಲ್ಲ. ನೆರೆಯ ಕೇರಳದಲ್ಲಿ 2024 ಮತ್ತು 2025ರಲ್ಲಿ ಮೆದುಳು ತಿನ್ನುವ ಅಮೀಬಾದ ಪ್ರಕರಣಗಳು ಸಾಲುಸಾಲಾಗಿ ಬಂದವು. 2025ರಲ್ಲಿ ತಿರುವನಂತಪುರದ ಒಂದು ಈಜುಕೊಳವನ್ನೂ ಇದೇ ಅನುಮಾನದಿಂದ ಮುಚ್ಚಿದರು. ಅದೇ ವರ್ಷ ನವೆಂಬರ್‌ನಲ್ಲಿ ನಮ್ಮ ಆರೋಗ್ಯ ಇಲಾಖೆ ಶಬರಿಮಲೆಗೆ ಹೋಗುವವರಿಗೆ ಸ್ನಾನ ಮಾಡುವಾಗ ಮೂಗಿಗೆ ನೀರು ಹೋಗದಂತೆ ನೋಡಿಕೊಳ್ಳಿ ಎಂದು ಸೂಚನೆ ಕೊಟ್ಟಿತು.

ನೇಗ್ಲೀರಿಯಾ ಎಂಬ ಈ ಅಮೀಬಾ ಕುಡಿದರೆ ಬರುವುದಿಲ್ಲ, ಮೂಗಿನ ಮೂಲಕವೇ ಮೆದುಳಿಗೆ ಹೋಗಬೇಕು. ಬೆಚ್ಚಗಿನ ಸಿಹಿನೀರು, ತಳದ ಕೆಸರು ಅದರ ಮನೆ. ಹಾಗಾಗಿ ಬೇಸಿಗೆಯಲ್ಲಿ ನಿಂತ ನೀರಿಗೆ ಹಾರಬೇಡಿ, ಮುಳುಗುವಾಗ ಮೂಗು ಹಿಡಿದುಕೊಳ್ಳಿ ಅಥವಾ ಮೂಗಿನ ಕ್ಲಿಪ್ ಹಾಕಿ, ಕೆಸರು ಕಲಕಬೇಡಿ. ಬರುವುದು ಬಹಳ ಅಪರೂಪ, ಬಂದರೆ ಬದುಕುವುದೂ ಅಪರೂಪ. 2024ರಲ್ಲಿ ಕೋಯಿಕ್ಕೋಡ್ ಜಿಲ್ಲೆಯ 14 ವರ್ಷದ ಹುಡುಗನೊಬ್ಬ ಉಳಿದುಕೊಂಡದ್ದು ಕಾಯಿಲೆಯನ್ನು ಬೇಗ ಗುರುತಿಸಿದ್ದರಿಂದ. ಮಲೆನಾಡು, ಕರಾವಳಿಯಲ್ಲಿ ಮಳೆಗಾಲದಲ್ಲಿ ಕಾಲಿಗೆ ಗಾಯ ಇಟ್ಟುಕೊಂಡು ಇಂಥ ನೀರಿಗೆ ಇಳಿದರೆ ಇಲಿಜ್ವರದ ಭಯವೂ ಇದೆ.

ಹೆಜ್ಜೆ 7: ಬಂದ ಮೇಲೆ, ಮತ್ತು ಮುಂದಿನ ಎರಡು ವಾರ

ಮತ್ತೆ ಸೋಪು ಹಾಕಿ ಸ್ನಾನ. ಕಿವಿಯನ್ನು ಒಂದೊಂದು ಕಡೆ ವಾಲಿಸಿ ನೀರು ಇಳಿಸಿ, ಟವೆಲಿನಿಂದ ಒರೆಸಿ. ಬಡ್ಸ್ ಹಾಕಬೇಡಿ, ಒಳಗಿನ ಚರ್ಮ ಕೆರೆದು ಸೋಂಕಿಗೆ ದಾರಿಯಾಗುತ್ತದೆ. ಕಿವಿಯ ಹಾಲೆ ಎಳೆದರೆ ಮಗು ಅತ್ತರೆ ಡಾಕ್ಟರಿಗೆ ತೋರಿಸಿ.

ಪಾರ್ಕಿಗೆ ಹೋದ ತಾರೀಖನ್ನು ಕ್ಯಾಲೆಂಡರ್ ಮೇಲೆ ಬರೆದಿಡಿ. ವಾಂತಿ ಒಂದೆರಡು ದಿನದಲ್ಲಿ ಬಂದರೆ ನೊರೊವೈರಸ್ ಇರಬಹುದು. ರಕ್ತಭೇದಿ ತರುವ ಇ. ಕೋಲಿಗೆ ಸಾಮಾನ್ಯವಾಗಿ ಮೂರ್ನಾಲ್ಕು ದಿನ. ನೀರಿನಂಥ ಭೇದಿ ವಾರದ ಹೊತ್ತಿಗೆ ಶುರುವಾಗಿ ಬಿಟ್ಟು ಬಿಟ್ಟು ಕಾಡಿದರೆ ಕ್ರಿಪ್ಟೊ ನೆನಪಿರಲಿ. ಹೆಪಟೈಟಿಸ್ ಎ ಬರುವ ಹೊತ್ತಿಗೆ ತಿಂಗಳೇ ಕಳೆದಿರುತ್ತದೆ.

ಭೇದಿಗೆ ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ನೀರಿಗೆ ಕಲಸಿ ಗುಟುಕು ಗುಟುಕಾಗಿ ಕೊಡಿ. ಭೇದಿ ನಿಲ್ಲಿಸುವ ಮಾತ್ರೆಯನ್ನು ಮಕ್ಕಳಿಗೆ ನೀವಾಗಿ ಕೊಡಬೇಡಿ. ಮಲದಲ್ಲಿ ರಕ್ತ, ಆರೇಳು ಗಂಟೆ ಉಚ್ಚೆ ಇಲ್ಲ, ಕಣ್ಣು ಗುಳಿಬಿದ್ದಿದೆ, ಮಗು ಮಂಕಾಗಿದೆ, ಕುಡಿದದ್ದೆಲ್ಲ ವಾಂತಿ ಎಂದಾದರೆ ತಡ ಮಾಡಬೇಡಿ. ರಕ್ತಭೇದಿ ಆದ ಮೇಲೆ ಮಗು ಬಿಳಿಚಿಕೊಂಡು ಉಚ್ಚೆ ಕಡಿಮೆಯಾದರೆ ಕಿಡ್ನಿಗೆ ಪೆಟ್ಟು ಬಿದ್ದಿರಬಹುದು. ನೀರಿಗೆ ಇಳಿದು ಹನ್ನೆರಡು ದಿನದೊಳಗೆ ತೀರಾ ತಲೆನೋವು, ಜ್ವರ, ವಾಂತಿ, ಕುತ್ತಿಗೆ ಬಿಗಿತ ಬಂದರೆ ಕಾಯುವ ಪ್ರಶ್ನೆಯೇ ಇಲ್ಲ, ದೊಡ್ಡಾಸ್ಪತ್ರೆಗೆ ಹೋಗಿ.

ಡಾಕ್ಟರ್ ಕೇಳದಿದ್ದರೂ ನೀವೇ ಹೇಳಿ: "ಡಾಕ್ಟ್ರೇ, ಇಂಥ ದಿನ ಈಜಿದ್ದ." ಸಾಮಾನ್ಯ ಮಲ ಪರೀಕ್ಷೆಯಲ್ಲಿ ಕ್ರಿಪ್ಟೊ ಕಣ್ಣಿಗೆ ಬೀಳದೆ ಹೋಗುತ್ತದೆ. ಅದನ್ನು ಹುಡುಕಲು ಬೇರೆ ಬಣ್ಣ ಹಾಕಿ ನೋಡಬೇಕು, ಲ್ಯಾಬಿಗೆ ಹಾಗೆಂದು ಬರೆದು ಕಳಿಸಬೇಕು.

ಕೊಳ ನೋಡಿಕೊಳ್ಳುವವರಿಗೆ

ಮಗುವೊಂದು ನೀರಿನಲ್ಲಿ ಎರಡಕ್ಕೆ ಹೋದರೆ ಮೊದಲು ಎಲ್ಲರನ್ನೂ ಮೇಲೆ ಕರೆಯಿರಿ. ಬೈದು ರಂಪ ಮಾಡಬೇಡಿ. ಹಾಗೆ ಮಾಡಿದರೆ ಮುಂದಿನ ಸಲ ಯಾರೂ ಹೇಳುವುದಿಲ್ಲ. ಗಟ್ಟಿ ಮಲವಾದರೆ ಬಲೆಯಲ್ಲಿ ತೆಗೆದು, ಪಿಎಚ್ 7.5ಕ್ಕಿಂತ ಮೇಲೆ ಹೋಗದಂತೆ ನೋಡಿಕೊಂಡು, ಫ್ರೀ ಕ್ಲೋರಿನ್ 2 ಪಿಪಿಎಂನಲ್ಲಿ 25 ನಿಮಿಷ ನಿಲ್ಲಿಸಬೇಕು. ಭೇದಿಯಾದರೆ ಕಥೆ ಬೇರೆ. 20 ಪಿಪಿಎಂಗೆ ಏರಿಸಿ 12 ಮುಕ್ಕಾಲು ಗಂಟೆ. ಅಂದರೆ ಆವತ್ತಿಗೆ ಕೊಳ ಬಂದ್. ಇದು ಸಯನ್ಯೂರಿಕ್ ಆಸಿಡ್ ಇಲ್ಲದ ಕೊಳದ ಲೆಕ್ಕ. ನಮ್ಮಲ್ಲಿ ಹೆಚ್ಚು ಬಳಸುವ ಟಿಸಿಸಿಎ ಎಂಬ ಕ್ಲೋರಿನ್ ಮಾತ್ರೆ ಕರಗಿದಷ್ಟೂ ಆ ಆಸಿಡ್ ನೀರಿನಲ್ಲಿ ಉಳಿದು ಸೇರುತ್ತಾ ಹೋಗುತ್ತದೆ, ಕ್ಲೋರಿನ್ನನ್ನು ಮಂದ ಮಾಡುತ್ತದೆ. ಅಂಥ ಕೊಳಕ್ಕೆ ಇನ್ನೂ ಹೆಚ್ಚು ಹೊತ್ತು ಬೇಕು, ಆಗಾಗ ಸ್ವಲ್ಪ ನೀರು ಹೊರಗೆ ಬಿಟ್ಟು ಹೊಸದು ತುಂಬಲೂ ಬೇಕು. ಟಿಸಿಸಿಎಯನ್ನೂ ಬ್ಲೀಚಿಂಗ್ ಪೌಡರನ್ನೂ ಒಂದೇ ಬಕೆಟ್ಟಿನಲ್ಲಿ ಕಲಸಬೇಡಿ, ಬೆಂಕಿ ಹತ್ತಿ ಸಿಡಿಯಬಹುದು. ಬ್ಲೀಚಿಂಗ್ ಪೌಡರಿಗೆ ಆಸಿಡ್ ತಾಗಿದರೆ ವಿಷಾನಿಲ ಏಳುತ್ತದೆ.

ಒಂದೇ ಕೊಳಕ್ಕೆ ಹೋದ ಎರಡು ಮನೆಯ ಮಕ್ಕಳಿಗೆ ಒಂದೇ ವಾರ ಭೇದಿ ಬಂದರೆ ವಾಟ್ಸಾಪ್ ಗ್ರೂಪಿನಲ್ಲಿ ಗೊಣಗಿ ಬಿಡಬೇಡಿ. ಕೊಳದ ಮ್ಯಾನೇಜರ್‌ಗೆ ತಾರೀಖು ಸಮೇತ ಬರೆದು ತಿಳಿಸಿ. ನಗರದಲ್ಲಾದರೆ ಪಾಲಿಕೆಯ ಆರೋಗ್ಯಾಧಿಕಾರಿಗೆ, ಹೊರಗಾದರೆ ತಾಲ್ಲೂಕು ಆರೋಗ್ಯಾಧಿಕಾರಿಗೆ ಒಂದು ಪ್ರತಿ ಕೊಡಿ. ಭೇದಿ ಶುರುವಾದ ದಿನ, ಈಜಿದ ದಿನ, ಯಾವ ಕೊಳ, ಎಷ್ಟು ಮಂದಿ, ಈ ನಾಲ್ಕು ವಿಷಯ ಅದರಲ್ಲಿದ್ದರೆ ಅವರು ನೀರಿನ ಮಾದರಿ ತೆಗೆಯಲು ಬೇಕಾದಷ್ಟಾಯಿತು.